ದಣಪೆಯಾಚೆ ನಿಂತ ಪ್ರೋಟೀನು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹೊರಗಿನಿಂದ ಬರುವ ಸಂದೇಶ ಪ್ರೋಟೀನುಗಳನ್ನು ಜೀವಕೋಶ ಹೇಗೆ ಗುರುತಿಸುತ್ತದೆ, ಹೇಗೆ ಒಳಗೆಳೆದುಕೊಳ್ಳುತ್ತದೆ ಎಂಬ ವಿಷಯಕ್ಕೆ ಉತ್ತರ ಕನ್ನಡದ ಓದುಗರಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಪ್ರೋಟೀನ್ ಹಾರ್ಮೋನು ಕೋಶದೊಳಗೆ ಹೋಗುವುದಿಲ್ಲ, ಹೊರಮೈಯ ರಿಸೆಪ್ಟರಿಗೆ (ಸಂದೇಶ ಹಿಡಿಯುವ ಪ್ರೋಟೀನಿಗೆ) ಅಂಟಿಕೊಳ್ಳುತ್ತದೆ ಎಂದು ಒಂದು ಪಾಠದಲ್ಲಿದೆ. ಇನ್ನೊಂದು ಪಾಠದಲ್ಲಿ ಅದೇ ಪ್ರೋಟೀನನ್ನು ಕೋಶ ಒಳಗೆಳೆದುಕೊಳ್ಳುತ್ತದೆ ಎಂದಿದೆ. ಯಾವುದು ಸರಿ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕುಮಟಾ

ಉತ್ತರ: ಎರಡೂ ಸರಿ. ಮೊದಲನೆಯದು ಸುದ್ದಿ ಮುಟ್ಟಿಸುವ ಕೆಲಸ, ಎರಡನೆಯದು ಬಹುಮಟ್ಟಿಗೆ ಸುದ್ದಿಯನ್ನು ನಿಲ್ಲಿಸುವ ಕೆಲಸ. ಪಾಠಗಳು ಇದನ್ನು ಬಿಡಿಸಿ ಹೇಳದೆ ಇರುವುದರಿಂದಲೇ ಗೊಂದಲ.

ಕೋಶದ ಪೊರೆ ಸುಮಾರು 5 ನ್ಯಾನೊಮೀಟರ್ ದಪ್ಪದ ಕೊಬ್ಬಿನ ಪದರ. ಈಸ್ಟ್ರೋಜೆನ್‌ನಂಥ ಸ್ಟೀರಾಯ್ಡ್ ಹಾರ್ಮೋನು ಕೊಬ್ಬಿನಲ್ಲಿ ಕರಗುವುದರಿಂದ ನೇರ ಒಳಗೆ ನುಸುಳುತ್ತದೆ. ಪ್ರೋಟೀನು ದೊಡ್ಡದು, ಮೈತುಂಬ ವಿದ್ಯುದಂಶ ಹೊತ್ತದ್ದು, ನೀರಿಗೆ ಒಲಿದದ್ದು. ಅದಕ್ಕೆ ಆ ದಾರಿ ಇಲ್ಲ. ಹಾಗಾಗಿ ಅಂಚೆಯವನು ದಣಪೆಯಾಚೆ ನಿಂತೇ ಸುದ್ದಿ ಕೂಗಿ ಹೇಳಿದ ಹಾಗೆ ಅದರ ಕೆಲಸ.

ಇಜಿಎಫ್ ಎಂಬ ಬೆಳವಣಿಗೆ ಪ್ರೋಟೀನನ್ನೇ ನೋಡಿ. 53 ಅಮೈನೊ ಆಮ್ಲಗಳ ಪುಟ್ಟ ಸರಪಳಿ ಅದು. ಅದನ್ನು ಕಂಡುಹಿಡಿದ ಸ್ಟಾನ್ಲಿ ಕೊಹೆನ್ ಅವರಿಗೆ ರೀಟಾ ಲೆವಿ-ಮೊಂಟಾಲ್ಚಿನಿ ಅವರೊಂದಿಗೆ 1986ರಲ್ಲಿ ನೊಬೆಲ್ ಬಂತು. ಆಗ ತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವು ಹೊತ್ತಿಗೆ ಮೊದಲೇ ಕಣ್ಣು ತೆರೆದವು. ಹಾಗೆ ಇದು ಪತ್ತೆಯಾಯಿತು. ಇದರ ರಿಸೆಪ್ಟರಿನ ಒಂದು ತುದಿ ಹೊರಗೆ, ಒಂದು ತುದಿ ಒಳಗೆ. ಇಜಿಎಫ್ ಅಂಟಿದೊಡನೆ ಎರಡು ರಿಸೆಪ್ಟರುಗಳು ಜೋಡಿಯಾಗುತ್ತವೆ, ಒಂದರ ಒಳತುದಿ ಇನ್ನೊಂದರ ಟೈರೋಸಿನ್ ಎಂಬ ಅಮೈನೊ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಫಾಸ್ಫೇಟುಗಳನ್ನೇ ಗುರುತಾಗಿ ಹಿಡಿದು ಒಳಗಿನ ಪ್ರೋಟೀನುಗಳು ಬಂದು ಕೂರುತ್ತವೆ: ಗ್ರಬ್2, ಸಾಸ್, ಅವುಗಳ ಮೂಲಕ ರಾಸ್, ರಾಫ್, ಮೆಕ್, ಕೊನೆಗೆ ಅರ್ಕ್. ಐದು-ಹತ್ತು ನಿಮಿಷದಲ್ಲಿ ಅರ್ಕ್ ನ್ಯೂಕ್ಲಿಯಸ್ ಹೊಕ್ಕು ಜೀನುಗಳನ್ನು ಎಬ್ಬಿಸುತ್ತದೆ. ಇದರಲ್ಲಿ ಯಾವ ಹಂತಕ್ಕೂ ಇಜಿಎಫ್ ತಾನೇ ಒಳಗೆ ಬರಬೇಕಾಗಿಲ್ಲ.

ಆದರೆ ಕೂಗು ನಿಲ್ಲದಿದ್ದರೆ ಕೋಶ ವಿಭಜಿಸುತ್ತಲೇ ಇರುತ್ತದೆ. ಅದಕ್ಕೇ ಕೆಲಸ ಮಾಡುತ್ತಿರುವ ರಿಸೆಪ್ಟರನ್ನು, ಅಂಟಿದ ಇಜಿಎಫ್ ಸಮೇತ, ಕೋಶ ನುಂಗುತ್ತದೆ. ಪೊರೆಯ ಒಳಮೈಗೆ ಕ್ಲಾತ್ರಿನ್ ಎಂಬ ಮೂರು ಕಾಲಿನ ಪ್ರೋಟೀನು ಬಂದು ಒಂದಕ್ಕೊಂದು ಹೆಣೆದುಕೊಂಡು ಬುಟ್ಟಿಯಾಗುತ್ತದೆ. ಪೊರೆ ಒಳಗೆ ತಗ್ಗಾಗಿ ಸುಮಾರು 100 ನ್ಯಾನೊಮೀಟರಿನ ಚೀಲದ ಆಕಾರ ಪಡೆಯುತ್ತದೆ. ಡೈನಮಿನ್ ಎಂಬ ಇನ್ನೊಂದು ಪ್ರೋಟೀನು ಚೀಲದ ಕುತ್ತಿಗೆಗೆ ಸುತ್ತಿಕೊಂಡು ಹಿಸುಕಿ ಕತ್ತರಿಸುತ್ತದೆ. ಈ ಹೆಣಿಗೆ ಕಳಚಿಬಿದ್ದ ಮೇಲೆ ಚೀಲವು ಎಂಡೋಸೋಮ್ ಎಂಬ ವಿಂಗಡಣೆಯ ಕೋಣೆಯನ್ನು ಸೇರುತ್ತದೆ. ಅಲ್ಲಿ ಎಟಿಪಿ ಸುಟ್ಟು ಆಮ್ಲ ತುಂಬುವ ಪಂಪುಗಳಿವೆ. ಪಿಎಚ್ ಮೊದಲು 6ರ ಆಸುಪಾಸಿಗೆ, ಮುಂದೆ 5.5ಕ್ಕೆ, ಕೊನೆಗೆ ಪ್ರೋಟೀನನ್ನು ಚೂರು ಮಾಡುವ ಕೋಣೆಯಾದ ಲೈಸೋಸೋಮಿನಲ್ಲಿ 4.5ರಿಂದ 5ಕ್ಕೆ ಇಳಿಯುತ್ತದೆ.

ನಮ್ಮ ದೃಷ್ಟಿಯಲ್ಲಿ ಇಡೀ ಕತೆಯ ತಿರುಳು ಈ ಹುಳಿಯಲ್ಲೇ ಇದೆ. ಪಿಎಚ್ 6ರಲ್ಲಿ ಇಜಿಎಫ್ ರಿಸೆಪ್ಟರಿನ ಕೈ ಬಿಡುವುದಿಲ್ಲ. ಕೈ ಬಿಡದ ಜೋಡಿಗೆ ಸಿಬಿಎಲ್ ಎಂಬ ಕಿಣ್ವ ಯುಬಿಕ್ವಿಟಿನ್ ಚೀಟಿ ಅಂಟಿಸಿರುತ್ತದೆ; ಇಬ್ಬರೂ ಲೈಸೋಸೋಮ್ ಸೇರಿ ಚೂರಾಗುತ್ತಾರೆ. ಆದರೆ ಅದೇ ರಿಸೆಪ್ಟರಿಗೆ ಅಂಟುವ ಟಿಜಿಎಫ್-ಆಲ್ಫಾ ಎಂಬ ಇನ್ನೊಂದು ಪ್ರೋಟೀನು ಈ ಹುಳಿಗೆ ಕಳಚಿಕೊಳ್ಳುತ್ತದೆ. ಆಗ ರಿಸೆಪ್ಟರ್ ಬಹುಪಾಲು ಹೊರಮೈಗೆ ಮರಳಿ ಮತ್ತೆ ಕಿವಿಗೊಡುತ್ತದೆ. ರಿಸೆಪ್ಟರ್ ಒಂದೇ, ಹೊರಗಿನ ಅಂಟೂ ಹೆಚ್ಚುಕಡಿಮೆ ಒಂದೇ. ಹುಳಿಯಲ್ಲಿ ಹಿಡಿತ ಉಳಿಯಿತೋ ಸಡಿಲವಾಯಿತೋ ಎಂಬುದರ ಮೇಲೆ ಕೋಶಕ್ಕೆ ಎಷ್ಟು ಹೊತ್ತು ಸುದ್ದಿ ಕೇಳಿಸುತ್ತದೆ ಎಂಬುದು ನಿಲ್ಲುತ್ತದೆ.

ಒಂದು ತಿದ್ದುಪಡಿ. ಒಳಗೆ ಹೋದ ಕ್ಷಣವೇ ಸುದ್ದಿ ನಿಲ್ಲುವುದಿಲ್ಲ. ರಿಸೆಪ್ಟರಿನ ಒಳತುದಿ ಚೀಲದ ಹೊರಗೆ ಚಾಚಿಕೊಂಡು ಇನ್ನೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ನರಕೋಶದಲ್ಲಂತೂ ಇದೇ ಮುಖ್ಯ ದಾರಿ. ಕಾಲ್ಬೆರಳ ತುದಿಯಲ್ಲಿ ಎನ್‌ಜಿಎಫ್ ಎಂಬ ನರ ಬೆಳವಣಿಗೆಯ ಪ್ರೋಟೀನು ಅಂಟಿದರೆ ಕೋಶದ ನ್ಯೂಕ್ಲಿಯಸ್ ಇರುವುದು ಸುಮಾರು ಒಂದು ಮೀಟರ್ ದೂರದಲ್ಲಿ, ಬೆನ್ನುಹುರಿಯ ಪಕ್ಕ. ರಿಸೆಪ್ಟರ್ ಹೊತ್ತ ಚೀಲವನ್ನೇ ಡೈನೀನ್ ಎಂಬ ಮೋಟಾರು ಪ್ರೋಟೀನು ಗಂಟೆಗೆ ಕೆಲವು ಮಿಲಿಮೀಟರಿನಂತೆ ಎಳೆದೊಯ್ಯುತ್ತದೆ.

ಪ್ರಶ್ನೆ: ಆಯಿಗೆ 62 ವರ್ಷ. ದೇಹದಲ್ಲಿ ಇನ್ಸುಲಿನ್ ಸಾಕಷ್ಟಿದ್ದರೂ ಸಕ್ಕರೆ ಇಳಿಯುತ್ತಿಲ್ಲ ಎಂದು ಡಾಕ್ಟರು ಮೊದಲು ಹೇಳಿದ್ದರು, ಈಗ ಇನ್ಸುಲಿನ್ ಇಂಜೆಕ್ಷನ್ ಬರೆದಿದ್ದಾರೆ. ಇರುವುದೇ ನಾಟದಿದ್ದರೆ ಹೊರಗಿನದು ಹೇಗೆ ನಾಟುತ್ತದೆ? ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟು ಇರುವುದಿಲ್ಲ, ಔಷಧಿ ಇಡುವುದು ಹೇಗೆ?
— ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ಇನ್ಸುಲಿನ್ 51 ಅಮೈನೊ ಆಮ್ಲಗಳ ಪ್ರೋಟೀನು, 21 ಮತ್ತು 30ರ ಎರಡು ಎಳೆ. ಸ್ನಾಯುಕೋಶದ ರಿಸೆಪ್ಟರಿಗೆ ಅದು ಅಂಟಿದಾಗ ಒಳಗೆ ಐಆರ್‌ಎಸ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಬೀಳುತ್ತದೆ. ಅಲ್ಲಿಂದ ಪಿಐ3 ಕೈನೇಸ್, ಅಲ್ಲಿಂದ ಎಕೆಟಿ. ಈ ಸರಪಳಿಯ ಕೊನೆಯ ಫಲ ಒಂದೇ: ಕೋಶದೊಳಗೆ ಚೀಲಗಳಲ್ಲಿ ಅಡಗಿ ಕೂತ ಗ್ಲೂಟ್-4 ಎಂಬ ಸಕ್ಕರೆ ಬಾಗಿಲುಗಳು ಕೆಲವೇ ನಿಮಿಷಗಳಲ್ಲಿ ಹೊರಪೊರೆಗೆ ಬಂದು ಸೇರುತ್ತವೆ, ಸಕ್ಕರೆ ಒಳಗಿಳಿಯುತ್ತದೆ. ಯಕೃತ್ತಿನಲ್ಲಿ ಕೆಲಸ ಬೇರೆ. ಅಲ್ಲಿ ಹೊಸ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವುದನ್ನು ಇನ್ಸುಲಿನ್ ತಡೆಯುತ್ತದೆ.

ಆಯಿಯ ಸ್ಥಿತಿಯಲ್ಲಿ ಸಾಮಾನ್ಯವಾಗಿ ಇನ್ಸುಲಿನ್ನೂ ಚೆನ್ನಾಗಿರುತ್ತದೆ, ರಿಸೆಪ್ಟರೂ ಇರುತ್ತದೆ. ಕೆಡುವುದು ಅದರ ನಂತರದ ಸರಪಳಿ. ಸ್ನಾಯು ಮತ್ತು ಯಕೃತ್ತಿನೊಳಗೆ ಸೇರಬಾರದಷ್ಟು ಕೊಬ್ಬು ಸೇರಿದಾಗ, ದೇಹದಲ್ಲಿ ಸಣ್ಣ ಉರಿಯೂತ ಸದಾ ಇದ್ದಾಗ, ಐಆರ್‌ಎಸ್‌ನ ಟೈರೋಸಿನ್ ಬದಲು ಸೆರಿನ್ ಜಾಗಗಳಿಗೆ ಫಾಸ್ಫೇಟ್ ಬೀಳುತ್ತದೆ. ತಪ್ಪು ಜಾಗದ ಈ ಫಾಸ್ಫೇಟ್ ಸುದ್ದಿಯನ್ನು ಅಲ್ಲೇ ಕುಗ್ಗಿಸುತ್ತದೆ. ಇದರ ಮೇಲೆ ರಕ್ತದಲ್ಲಿ ಇನ್ಸುಲಿನ್ ಸದಾ ಏರಿದ್ದರೆ ಕೋಶ ತನ್ನ ರಿಸೆಪ್ಟರುಗಳನ್ನು ಹೆಚ್ಚು ಹೆಚ್ಚು ಒಳಗೆಳೆದು ಕರಗಿಸುತ್ತದೆ, ಹೊರಮೈಯಲ್ಲಿ ಉಳಿಯುವುದು ಕಡಿಮೆ. ಕಿವಿ ಪೂರ್ತಿ ಮುಚ್ಚಿಲ್ಲ, ಮಂದವಾಗಿದೆ. ಮಂದ ಕಿವಿಗೆ ಗಟ್ಟಿಯಾಗಿ ಹೇಳಬೇಕು. ಮೇದೋಜೀರಕ ಗ್ರಂಥಿ ವರ್ಷಗಟ್ಟಲೆ ಗಟ್ಟಿಯಾಗಿ ಹೇಳಿ ದಣಿದ ಮೇಲೆ ಆ ಕೊರತೆಯನ್ನು ಇಂಜೆಕ್ಷನ್ ತುಂಬುತ್ತದೆ. ಇದೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ.

ಇನ್ಸುಲಿನ್ನನ್ನೇ ಕಾಯದ ಇನ್ನೊಂದು ದಾರಿಯೂ ಇದೆ, ಅದನ್ನು ಮನೆಯವರು ಗಟ್ಟಿಯಾಗಿ ಹಿಡಿಯಬೇಕು. ಸ್ನಾಯು ಸಂಕುಚಿಸಿದಾಗ ಗ್ಲೂಟ್-4 ಬೇರೆಯೇ ಸಂಕೇತದಿಂದ ಹೊರಪೊರೆಗೆ ಬರುತ್ತದೆ. ಕೆಟ್ಟುಹೋದ ಸರಪಳಿಯನ್ನು ಅದು ಬಳಸುವುದೇ ಇಲ್ಲ. ಊಟವಾದ ಮೇಲೆ ತೋಟದವರೆಗೆ 15-20 ನಿಮಿಷ ನಡೆದು ಬಂದರೆ ಸಕ್ಕರೆ ಇಳಿಯುವುದು ಇದರಿಂದಲೇ. ಇಂಜೆಕ್ಷನ್ ತೆಗೆದುಕೊಂಡು ತೋಟದ ಕೆಲಸವೂ ಹೆಚ್ಚಾದ ದಿನ ಎರಡು ದಾರಿಯೂ ಸೇರಿ ಸಕ್ಕರೆ ವಿಪರೀತ ಇಳಿಯಬಹುದು. ಬೆವರು, ನಡುಕ, ಮಂಕು ಕಂಡರೆ ಅಳೆಯಿರಿ. 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇಡುವ ವಿಷಯ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ. ತೆರೆದದ್ದು ಸಾಮಾನ್ಯವಾಗಿ 25ರಿಂದ 30 ಡಿಗ್ರಿಯೊಳಗೆ 28 ದಿನ ಇರುತ್ತದೆ. ಕೆಲವು ಬಗೆಗೆ ಅವಧಿ ಬೇರೆ, ಪೆಟ್ಟಿಗೆಯೊಳಗಿನ ಚೀಟಿ ನೋಡಿ. ಅಂದರೆ ಶಿರಸಿಯ ಮಳೆಗಾಲದ ತಂಪಿನಲ್ಲಿ ಎರಡು ದಿನ ಕರೆಂಟು ಇಲ್ಲದಿದ್ದರೆ ಬಳಕೆಯಲ್ಲಿರುವ ಬಾಟಲಿಗೆ ಅಪಾಯವಿಲ್ಲ. ಫ್ರಿಜ್ಜಿನ ಬಾಗಿಲು ಪದೇ ಪದೇ ತೆರೆಯಬೇಡಿ. ಬೇಸಿಗೆಯಲ್ಲಾದರೆ ಮಡಕೆಯಲ್ಲಿ ಮರಳು ಹಾಕಿ ನೀರು ಚಿಮುಕಿಸಿ, ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು ಅದರೊಳಗೆ ಹುದುಗಿಸಿ, ಮಡಕೆಯನ್ನು ಗಾಳಿಯಾಡುವ ನೆರಳಲ್ಲಿಡಿ. ಬಿಸಿಗಿಂತ ಬೇಗ ಕೆಡಿಸುವುದು ಹೆಪ್ಪು. ಫ್ರೀಜರಿಗೆ ತಾಗಿ ಗಟ್ಟಿಯಾದ ಇನ್ಸುಲಿನ್ನಿನ ಅಣುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ರಿಸೆಪ್ಟರಿಗೆ ಸರಿಯಾಗಿ ಕೂರುವ ಆಕಾರ ಉಳಿಯುವುದಿಲ್ಲ. ಕರಗಿಸಿದರೂ ಹಿಂದಿನಂತಾಗದು, ಎಸೆಯಿರಿ. ತಿಳಿಯಾಗಿರಬೇಕಾದದ್ದು ಮಸುಕಾಗಿದ್ದರೂ ಎಸೆಯಿರಿ. ಹಾಲಿನಂತಿರುವ ಬಗೆಯನ್ನು ಅಂಗೈಗಳ ನಡುವೆ 10-20 ಸಲ ಉರುಳಿಸಿ, ಕುಲುಕಬೇಡಿ.

ಒಂದೇ ಜಾಗಕ್ಕೆ ಚುಚ್ಚುತ್ತ ಹೋದರೆ ಅಲ್ಲಿ ಗಂಟು ಬರುತ್ತದೆ. ಅದು ಕೊಬ್ಬಿನ ಕೋಶಗಳು ಇನ್ಸುಲಿನ್ನಿನ ಬೆಳೆಯುವ ಸುದ್ದಿಯನ್ನು ದಿನವೂ ಕೇಳಿ ಉಬ್ಬಿದ್ದು. ಗಂಟಿಗೆ ಚುಚ್ಚಿದ ಔಷಧಿ ಒಂದು ದಿನ ನಿಧಾನ, ಒಂದು ದಿನ ಬೇಗ ಹೀರುತ್ತದೆ, ಸಕ್ಕರೆ ಏರಿಳಿಯುತ್ತದೆ. ಪ್ರತಿ ಸಲ ಹಿಂದಿನ ಜಾಗದಿಂದ ಕನಿಷ್ಠ ಒಂದು ಸೆಂಟಿಮೀಟರ್ ಸರಿಯಿರಿ. ಇನ್ನೊಂದು ಮಾತು, ಇದನ್ನು ಮರೆಯಬೇಡಿ: ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್ಟಿನ ಇನ್ಸುಲಿನ್ನನ್ನು ಆ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧಿ ಮೈಗೆ ಹೋಗುತ್ತದೆ.

ಪ್ರಶ್ನೆ: ಇನ್ಸುಲಿನ್ ಗುಳಿಗೆ ಏಕಿಲ್ಲ?
— ಯಲ್ಲಾಪುರ

ಉತ್ತರ: ಹೊಟ್ಟೆಗೆ ಅದು ಬೇಳೆಯ ಪ್ರೋಟೀನಿನ ಹಾಗೆಯೇ. ಪೆಪ್ಸಿನ್, ಟ್ರಿಪ್ಸಿನ್ ಕತ್ತರಿಸಿ ಹಾಕುತ್ತವೆ. ಕರುಳಿನ ಗೋಡೆ ದಾಟುವ ದಾರಿಯೂ ಅದಕ್ಕಿಲ್ಲ. ಸೆಮಾಗ್ಲುಟೈಡ್ ಎಂಬ ಬೇರೆ ಪೆಪ್ಟೈಡ್ ಔಷಧಿಯನ್ನು ಗುಳಿಗೆಯಾಗಿ ಮಾಡಿದ್ದಾರೆ. ಜೊತೆಗೆ ಹೀರಿಕೆಗೆ ನೆರವಾಗುವ ವಸ್ತು ಬೆರೆಸಿದ್ದರೂ ರಕ್ತ ಸೇರುವುದು ನೂರಕ್ಕೆ ಒಂದಂಶದಷ್ಟೇ. ಅದಕ್ಕೇ ಅದನ್ನು ಖಾಲಿ ಹೊಟ್ಟೆಗೆ, 120 ಮಿಲಿಲೀಟರ್ ಮೀರದ ನೀರಲ್ಲಿ ನುಂಗಿ ಅರ್ಧ ಗಂಟೆ ಏನೂ ತಿನ್ನಬಾರದು.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಹೀಲಾ ಕೋಶಗಳು (ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯನ ಕೋಶಗಳು) ಇಜಿಎಫ್ ಒಳಗೆಳೆದುಕೊಳ್ಳುವುದನ್ನು ತೋರಿಸಬೇಕು. ಇಜಿಎಫ್ ಹಾಕದ ಬಾವಿಯಲ್ಲೂ (ಕೋಶ ಬೆಳೆಸುವ ತಟ್ಟೆಯ ಗುಳಿಯಲ್ಲೂ) ಫಾಸ್ಫೇಟ್ ಹೊತ್ತ ಅರ್ಕ್‌ನ ಪಟ್ಟಿ ಬ್ಲಾಟಿನಲ್ಲಿ ಕಾಣುತ್ತಿದೆ. ಸೂಕ್ಷ್ಮದರ್ಶಕದಲ್ಲಿ, ಹೊಳೆಯುವ ಬಣ್ಣ ಕಟ್ಟಿದ ಇಜಿಎಫ್‌ನ ಹೊಳಪು ಒಳಗಿದೆಯೋ ಮೇಲೆ ಅಂಟಿದೆಯೋ ತಿಳಿಯುತ್ತಿಲ್ಲ.
— ವಿದ್ಯಾರ್ಥಿ, ಕಾರವಾರ

ಉತ್ತರ: ಮೊದಲು ಅರ್ಕ್. ಮಾಧ್ಯಮಕ್ಕೆ, ಅಂದರೆ ಕೋಶ ಬೆಳೆಸುವ ದ್ರವಕ್ಕೆ, ಹಾಕುವ ಸೀರಮ್ಮಿನಲ್ಲೇ ಬೆಳವಣಿಗೆ ಪ್ರೋಟೀನುಗಳಿರುತ್ತವೆ. ರಾತ್ರಿಯಿಡೀ, 12-16 ಗಂಟೆ, ಸೀರಮ್ ಇಲ್ಲದೆ ಇಡಿ. ಹಾಗಿಟ್ಟೂ ಪಟ್ಟಿ ಬಂದರೆ ನೀವು ಇಜಿಎಫ್ ಹಾಕುವಾಗ ಮಾಧ್ಯಮ ಬದಲಿಸುತ್ತಿದ್ದೀರಿ ಎಂದು ನಮ್ಮ ಊಹೆ. ದ್ರವ ಸುರಿದ ಅಲುಗಾಟಕ್ಕೇ ಅರ್ಕ್ ಎಚ್ಚರಾಗುತ್ತದೆ. ಮಾಧ್ಯಮ ಮುಟ್ಟದೆ ಇಜಿಎಫನ್ನು ಸ್ವಲ್ಪವೇ ದ್ರವದಲ್ಲಿ ಮೆಲ್ಲಗೆ ಸೇರಿಸಿ, ಸೊನ್ನೆ ನಿಮಿಷದ ಬಾವಿಗೂ ಅಷ್ಟೇ ಖಾಲಿ ದ್ರವ ಸೇರಿಸಿ.

ಪ್ರಮಾಣ: 100 ಮೈಕ್ರೊಗ್ರಾಂ ಸೀಸೆಯನ್ನು ತೆರೆಯುವ ಮೊದಲು ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡಿ, ಚೀಟಿ ಹೇಳಿದ ದ್ರಾವಕದ 1 ಮಿಲಿಲೀಟರಿನಲ್ಲಿ ಕರಗಿಸಿ, 10-20 ಮೈಕ್ರೊಲೀಟರಿನ ಪಾಲು ಮಾಡಿ ಹೆಪ್ಪುಗಟ್ಟಿಸಿ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. 2 ಮಿಲಿಲೀಟರಿನ ಬಾವಿಗೆ 20 ನ್ಯಾನೊಗ್ರಾಂ ಪ್ರತಿ ಮಿಲಿಲೀಟರ್ ಬೇಕೆಂದರೆ ಮೂಲದಿಂದ 0.4 ಮೈಕ್ರೊಲೀಟರ್ ಆಯಿತು. ಅದನ್ನು ಯಾರ ಪಿಪೆಟ್ಟೂ ಸರಿಯಾಗಿ ಎಳೆಯದು. 0.1 ಶೇಕಡಾ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಇರುವ ದ್ರವದಲ್ಲಿ ಮೊದಲು ನೂರು ಪಟ್ಟು ತೆಳುವಾಗಿಸಿ, ಅದರಲ್ಲಿ 40 ಮೈಕ್ರೊಲೀಟರ್ ಹಾಕಿ. ಬಿಎಸ್‌ಎ ಬಿಟ್ಟರೆ ಇಷ್ಟು ತೆಳು ಪ್ರೋಟೀನು ಪ್ಲಾಸ್ಟಿಕ್ಕಿಗೇ ಅಂಟಿ ಕಳೆದುಹೋಗುತ್ತದೆ. 0, 2, 5, 15, 30, 60 ನಿಮಿಷಕ್ಕೆ ಮಂಜುಗಡ್ಡೆಯ ಮೇಲೆ ಕೋಶ ಒಡೆಯಿರಿ.

ಒಡೆಯುವ ದ್ರವದಲ್ಲಿ 1 ಮಿಲಿಮೋಲಾರ್ ಸೋಡಿಯಂ ಆರ್ಥೊವನಡೇಟ್ ಬೇಕೇ ಬೇಕು, ಇಲ್ಲವಾದರೆ ಫಾಸ್ಫಟೇಸುಗಳು ಟೈರೋಸಿನ್ ಫಾಸ್ಫೇಟುಗಳನ್ನು ಕಿತ್ತುಹಾಕುತ್ತವೆ. ವನಡೇಟನ್ನು ಪಿಎಚ್ 10ಕ್ಕೆ ತಂದು, ಹಳದಿ ಬಣ್ಣ ಹೋಗುವವರೆಗೆ ಕುದಿಸಿ, ಆರಿಸಿ, ಪಿಎಚ್ ನಿಲ್ಲುವವರೆಗೆ ಇದನ್ನೇ ಮಾಡಿ. ಹಳದಿ ದ್ರಾವಣ ಕೆಲಸಕ್ಕೆ ಬಾರದು. ಜೊತೆಗೆ ಇಡಿಟಿಎ, ಡಿಟಿಟಿ ಹಾಕಿದರೆ ವನಡೇಟಿನ ಶಕ್ತಿ ಹೋಗುತ್ತದೆ. ಬ್ಲಾಟ್ ಹಾಳೆಯ ಖಾಲಿ ಜಾಗ ಮುಚ್ಚಲು ಹಾಲಿನ ಪುಡಿ ಬೇಡ, ಅದರ ಕೇಸೀನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನು. 5 ಶೇಕಡಾ ಬಿಎಸ್‌ಎ ಬಳಸಿ. ರಿಸೆಪ್ಟರ್ ಪಟ್ಟಿ 170-180 ಕಿಲೊಡಾಲ್ಟನ್ ಹತ್ತಿರ, ಅರ್ಕ್ ಜೋಡಿ 42 ಮತ್ತು 44ರಲ್ಲಿ.

ಇನ್ನು ಒಳಗೋ ಹೊರಗೋ ಎಂಬುದು. 4 ಡಿಗ್ರಿಯಲ್ಲಿ ಇಜಿಎಫ್ ಅಂಟುತ್ತದೆ, ಆದರೆ ಪೊರೆ ಒಳಗೆಳೆಯಲಾರದು. ಈ ಗುಣವನ್ನೇ ಬಳಸಿಕೊಳ್ಳಿ. ಮಂಜುಗಡ್ಡೆಯ ಮೇಲೆ ಹೊಳೆಯುವ ಇಜಿಎಫ್ 30ರಿಂದ 60 ನಿಮಿಷ ಇಡಿ. ಇನ್‌ಕ್ಯುಬೇಟರಿನ ಹೊರಗೆ ಪಿಎಚ್ ಏರದಂತೆ ಮಾಧ್ಯಮದಲ್ಲಿ 20 ಮಿಲಿಮೋಲಾರ್ ಹೆಪೆಸ್ ಬಫರ್ ಇರಲಿ. ಮೂರು ಸಲ ತಣ್ಣಗೆ ತೊಳೆದು 37 ಡಿಗ್ರಿಯ ಮಾಧ್ಯಮ ಹಾಕಿ 5, 15, 30 ನಿಮಿಷ ಬಿಡಿ, ಮತ್ತೆ ಮಂಜುಗಡ್ಡೆಗೆ ತನ್ನಿ. 0.2 ಮೋಲಾರ್ ಅಸಿಟಿಕ್ ಆಮ್ಲ, 0.5 ಮೋಲಾರ್ ಉಪ್ಪು ಸೇರಿದ ತಣ್ಣನೆಯ ದ್ರಾವಣದಲ್ಲಿ 3ರಿಂದ 5 ನಿಮಿಷ ತೊಳೆದರೆ ಮೇಲಿನದು ಕಳಚುತ್ತದೆ, ಒಳಗಿನದು ಉಳಿಯುತ್ತದೆ. ಆಮೇಲೆ 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ 15 ನಿಮಿಷ. 37 ಡಿಗ್ರಿಗೆ ಹೋಗದೆ ಆಮ್ಲದಲ್ಲಿ ತೊಳೆದ ಬಾವಿ ಕಪ್ಪಾಗಿರಲೇಬೇಕು. ಅಲ್ಲಿ ಹೊಳಪು ಉಳಿದರೆ ಉಳಿದ ಯಾವ ಚಿತ್ರವನ್ನೂ ನಂಬಬೇಡಿ. ನೂರು ಪಟ್ಟು ಬಣ್ಣವಿಲ್ಲದ ಇಜಿಎಫ್ ಬೆರೆಸಿದ ಬಾವಿಯೂ ಕಪ್ಪಾಗಿರಬೇಕು.

ಡೈನಮಿನ್ ತಡೆಯಲು ಡೈನಸೋರ್ ಬಳಸುವುದಾದರೆ 80 ಮೈಕ್ರೊಮೋಲಾರ್, ಆದರೆ ಆ ಬಾವಿಗಳಲ್ಲಿ ಸೀರಮ್ಮೂ ಬೇಡ, ಬಿಎಸ್‌ಎಯೂ ಬೇಡ. ಅವಕ್ಕೆ ಅದು ಅಂಟಿಕೊಂಡು ನಿಷ್ಫಲವಾಗುತ್ತದೆ. ಇಜಿಎಫ್ ಮಿಲಿಲೀಟರಿಗೆ 1-2 ನ್ಯಾನೊಗ್ರಾಂ ಇದ್ದರೆ ಹೆಚ್ಚೂಕಡಿಮೆ ಎಲ್ಲವೂ ಕ್ಲಾತ್ರಿನ್ ದಾರಿ ಹಿಡಿಯುತ್ತದೆ, 20 ದಾಟಿದರೆ ಬೇರೆ ದಾರಿಗಳೂ ತೆರೆಯುತ್ತವೆ. ಆದ್ದರಿಂದ ಪ್ರಮಾಣ ಬರೆಯದ ಫಲಿತಾಂಶಕ್ಕೆ ಅರ್ಥವಿಲ್ಲ.

ಪ್ರಶ್ನೆ: ಹ್ಯಾಚರಿಯಲ್ಲಿ ತಾಯಿ ಸಿಗಡಿಯ ಒಂದು ಕಣ್ಣು ಕತ್ತರಿಸುತ್ತಾರಂತೆ. ಕಣ್ಣಿಗೂ ಮೊಟ್ಟೆಗೂ ಏನು ಸಂಬಂಧ?
— ಅಘನಾಶಿನಿ ದಂಡೆಯ ಸಿಗಡಿ ಕೃಷಿಕರು

ಉತ್ತರ: ಸಿಗಡಿಯ ಕಣ್ಣುಕಾಂಡದೊಳಗೆ ಎಕ್ಸ್-ಅಂಗ ಮತ್ತು ಸೈನಸ್ ಗ್ರಂಥಿ ಇವೆ. ಅಲ್ಲಿಂದ ಹೊರಡುವ ಸುಮಾರು 70-80 ಅಮೈನೊ ಆಮ್ಲಗಳ ಪ್ರೋಟೀನುಗಳಲ್ಲಿ ಒಂದು ಅಂಡಾಶಯಕ್ಕೆ "ಈಗ ಬೇಡ" ಎನ್ನುತ್ತದೆ, ಮೊಟ್ಟೆಯೊಳಗೆ ಮರಿಗೆ ಆಹಾರವಾಗುವ ಪ್ರೋಟೀನು ತಯಾರಾಗದಂತೆ ತಡೆಯುತ್ತದೆ. ಸೆರೆಯಲ್ಲಿರುವ ಕರಿ ಹುಲಿ ಸಿಗಡಿಯಲ್ಲಿ ಈ ತಡೆ ಸುಲಭವಾಗಿ ಸಡಿಲವಾಗದು. ಒಂದು ಕಾಂಡ ತೆಗೆದರೆ ತಡೆಯ ಪ್ರಮಾಣ ಇಳಿದು ಕೆಲವು ದಿನಗಳಲ್ಲಿ ಅಂಡಾಶಯ ಬಲಿಯುತ್ತದೆ. ಎರಡನ್ನೂ ತೆಗೆದರೆ ಸಿಗಡಿ ಬದುಕುವುದಿಲ್ಲ, ಏಕೆಂದರೆ ಸಕ್ಕರೆ ಮತ್ತು ಉಪ್ಪಿನ ಸಮತೋಲ ನೋಡುವ ಹಾರ್ಮೋನುಗಳೂ ಅಲ್ಲಿಂದಲೇ.

ಪೊರೆ, ಅಂದರೆ ಮೈಯ ಹಳೆಯ ಚಿಪ್ಪು, ಕಳಚುವುದನ್ನು ತಡೆಯುವ ಪ್ರೋಟೀನೂ ಅದೇ ಕಾಂಡದ್ದು. ಅದು ವೈ-ಅಂಗದ ಕೋಶಗಳ ಹೊರಮೈಗೆ ಅಂಟಿ, ಒಳಗೆ ಸಿಜಿಎಂಪಿ ಎಂಬ ಸಣ್ಣ ಅಣುವನ್ನು ಏರಿಸಿ, ಎಕ್ಡಿಸೋನ್ ಎಂಬ ಪೊರೆ ಕಳಚಿಸುವ ಹಾರ್ಮೋನಿನ ತಯಾರಿಕೆಯನ್ನು ನಿಲ್ಲಿಸುತ್ತದೆ. ಹಾಗಾಗಿ ಕಣ್ಣು ಕತ್ತರಿಸಿದ ತಾಯಿ ಬೇಗ ಬೇಗ ಪೊರೆ ಕಳಚುತ್ತದೆ. ಹುಲಿ ಸಿಗಡಿಯಲ್ಲಿ ಗಂಡು ಇಟ್ಟ ವೀರ್ಯದ ಚೀಲ ಪೊರೆಯ ಜೊತೆಗೇ ಹೋಗುತ್ತದೆ. ಮೈ ಮೆತ್ತಗಿರುವಾಗಲೇ ಗಂಡು ಜೊತೆಗಿರದಿದ್ದರೆ ಮುಂದಿನ ಮೊಟ್ಟೆಗಳು ಫಲಿಸುವುದಿಲ್ಲ. ವನ್ನಾಮೈ ಎಂಬ ಇನ್ನೊಂದು ಜಾತಿಯ ಸಿಗಡಿಯಲ್ಲಿ ಕೂಡಿಕೆ ಗಟ್ಟಿ ಚಿಪ್ಪಿನಲ್ಲೇ ಆಗುವುದರಿಂದ ಈ ತೊಡಕಿಲ್ಲ. ಒಂದೇ ತಾಯಿಯಿಂದ ಮೇಲಿಂದ ಮೇಲೆ ಮೊಟ್ಟೆ ತೆಗೆದರೆ ಮರಿಗಳ ಗುಣ ಇಳಿಯುತ್ತದೆ. ಬೀಜ ಕೊಳ್ಳುವಾಗ ತಾಯಿ ಎಷ್ಟನೆಯ ಸಲ ಮೊಟ್ಟೆ ಇಟ್ಟದ್ದೆಂದು ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ಮಂಗನ ಕಾಯಿಲೆಯಲ್ಲಿ ವೈರಸ್ಸು ಜ್ವರ ತರುತ್ತದೋ, ನಮ್ಮ ಮೈಯೇ ತರುತ್ತದೋ?
— ಸಿದ್ದಾಪುರ

ಉತ್ತರ: ಮೈಯೇ. ವೈರಸ್ಸು ಕೋಶ ಹೊಗುವುದು ಮೊದಲ ಉತ್ತರದಲ್ಲಿ ಹೇಳಿದ ಅದೇ ಚೀಲದ ದಾರಿಯಲ್ಲಿ. ಎಂಡೋಸೋಮಿನ ಹುಳಿ ತಗುಲಿದಾಗ ಅದರ ಹೊದಿಕೆ ಚೀಲದ ಪೊರೆಯೊಡನೆ ಬೆಸೆದು ಒಳಗಿನ ಆರ್‌ಎನ್‌ಎ ಹೊರಬೀಳುತ್ತದೆ. ಸೋಂಕು ತಗುಲಿದ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ನೆರೆಯ ಕೋಶಗಳ ರಿಸೆಪ್ಟರಿಗೆ ಅದು ಅಂಟಿದರೆ ಜಾಕ್ ಕೈನೇಸುಗಳು ಸ್ಟ್ಯಾಟ್ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತವೆ, ಅವು ನ್ಯೂಕ್ಲಿಯಸ್ಸಿಗೆ ಹೋಗಿ ನೂರಾರು ರಕ್ಷಕ ಜೀನುಗಳನ್ನು ಎಬ್ಬಿಸುತ್ತವೆ. ಕ್ಯಾಸನೂರು ಕಾಡಿನಲ್ಲಿ ಈ ವೈರಸ್ಸು ಪತ್ತೆಯಾದದ್ದೂ, ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇಂಟರ್‌ಫೆರಾನನ್ನು ವಿವರಿಸಿದ್ದೂ ಒಂದೇ ವರ್ಷ, 1957.

ಬಿಳಿ ರಕ್ತಕೋಶಗಳು ಬಿಡುವ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮಿದುಳಿನ ರಕ್ತನಾಳಗಳ ಗೋಡೆಗೆ ಸುದ್ದಿ ಮುಟ್ಟಿಸಿ ಪ್ರೊಸ್ಟಾಗ್ಲಾಂಡಿನ್ ಇ2 ಏರಿಸುತ್ತವೆ. ಅದರಿಂದ ಮೈಬಿಸಿಯ ಗುರಿಯೇ ಮೇಲಕ್ಕೆ ಸರಿಯುತ್ತದೆ, ಅಲ್ಲಿಗೆ ಮುಟ್ಟುವವರೆಗೆ ನಡುಕ. ಪ್ಯಾರಾಸಿಟಮಾಲ್ ತಗ್ಗಿಸುವುದು ಈ ಪ್ರೊಸ್ಟಾಗ್ಲಾಂಡಿನ್ನನ್ನು, ವೈರಸ್ಸನ್ನಲ್ಲ. ಆಸ್ಪಿರಿನ್, ಐಬುಪ್ರೊಫೆನ್ ಕೂಡ ಅದನ್ನೇ ತಗ್ಗಿಸುತ್ತವೆ, ಆದರೆ ರಕ್ತ ಹೆಪ್ಪುಗಟ್ಟುವುದನ್ನೂ ಕೆಡಿಸುತ್ತವೆ. ರಕ್ತಸ್ರಾವವಾಗಬಲ್ಲ ಈ ಕಾಯಿಲೆಯಲ್ಲಿ ಅವನ್ನು ಮುಟ್ಟಬೇಡಿ. ಡಿಸೆಂಬರಿನಿಂದ ಮೇವರೆಗೆ ಸೊಪ್ಪಿಗೋ ದರಕಿಗೋ ಕಾಡಿಗೆ ಹೋಗಿ ಬಂದವರಿಗೆ ಒಮ್ಮೆಲೇ ಜ್ವರ, ತಲೆನೋವು, ಸೊಂಟನೋವು ಬಂದರೆ ಗುಳಿಗೆ ನುಂಗಿ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಉಣುಗು ಕಚ್ಚಿದ್ದರೆ ಅದನ್ನೂ ಹೇಳಿ.